ಠಾಣೆಯ ಜೀಪಿಗೆ ಡೀಸೆಲ್ ಯಾವ ಲೆಕ್ಕದಿಂದ?

(ಜಿಲ್ಲಾ ಪೊಲೀಸ್ ಆಯವ್ಯಯದ ಬಗ್ಗೆ ಹಾಸನದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸಕಲೇಶಪುರದ ಕಡೆ ಒಂದು ತೋಟ. ಕಣದಲ್ಲಿ ಒಣಗಲು ಹರವಿದ್ದ ಕಾಫಿ ರಾತ್ರೋರಾತ್ರಿ ಮಾಯವಾಗಿದೆ. ಬೆಳೆಗಾರರು ಠಾಣೆಗೆ ಬಂದು ದೂರು ಕೊಡುತ್ತಾರೆ. ಸ್ಥಳಕ್ಕೆ ಹೋಗಲು ಜೀಪಿಗೆ ಡೀಸೆಲ್ ಬೇಕು. ಮಹಜರಿಗೆ ಕಾಗದ ಬೇಕು, ಪ್ರಿಂಟರಿಗೆ ಟೋನರ್ ಬೇಕು. ಮಾಲು ತಮಿಳುನಾಡಿಗೋ ಕೇರಳಕ್ಕೋ ಹೋಗಿದೆ ಅಂತ ಸುಳಿವು ಸಿಕ್ಕರೆ ನಾಲ್ಕು ಜನರ ತಂಡ ಐದು ದಿನ ಹೊರಗಿರಬೇಕು. ಅವರ ಊಟ, ಲಾಡ್ಜು, ಟೋಲು, ಎಲ್ಲಕ್ಕೂ ದುಡ್ಡು ಬೇಕು. ಈ ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಬರದಿದ್ದಾಗ ಯಾರ ತಲೆಗೆ ಬೀಳುತ್ತದೆ ಎಂಬುದೇ ಇವತ್ತಿನ ಮಾತು.

ಮೊದಲು ದೊಡ್ಡ ಅಂಕಿಯನ್ನು ನೋಡಿಬಿಡೋಣ. 2025-26ನೇ ಸಾಲಿನ ರಾಜ್ಯ ಆಯವ್ಯಯ ಮಂಡನೆಯಾದದ್ದು 2025ರ ಮಾರ್ಚ್ 7ರಂದು. ಒಟ್ಟು ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ಒಳಾಡಳಿತ ಮತ್ತು ಸಾರಿಗೆಗೆ ಇಟ್ಟದ್ದು 20,625 ಕೋಟಿ, ಅಂದರೆ ಸುಮಾರು ಶೇಕಡಾ 5. ಪತ್ರಿಕೆಗಳಲ್ಲಿ ಇದನ್ನೇ ‘ಪೊಲೀಸರಿಗೆ ಇಷ್ಟು ಕೋಟಿ’ ಅಂತ ಓದಿದವರಿದ್ದಾರೆ. ಹಾಗೆ ಓದಬಾರದು. ಇಲಾಖಾವಾರು ಹಣವನ್ನು ಶಾಸನಸಭೆಯ ಮುಂದೆ ಕೇಳುವ ಪಟ್ಟಿಗೆ ಬೇಡಿಕೆ ಅನ್ನುತ್ತಾರೆ. ಅದರಲ್ಲಿ ಬೇಡಿಕೆ ಸಂಖ್ಯೆ 5ರ ಹೆಸರೇ ಒಳಾಡಳಿತ ಮತ್ತು ಸಾರಿಗೆ. ಶಕ್ತಿ ಯೋಜನೆಯ ಬಸ್ ಟಿಕೆಟ್ ಹಣ, ಕಾರಾಗೃಹ, ಅಗ್ನಿಶಾಮಕ, ಗೃಹರಕ್ಷಕ ದಳ ಎಲ್ಲವೂ ಅದೇ ಬೇಡಿಕೆಯೊಳಗೆ ಬರುತ್ತವೆ. ಪೊಲೀಸರ ಪಾಲು ತಿಳಿಯಬೇಕಾದರೆ ಲೆಕ್ಕ ಶೀರ್ಷಿಕೆಗೆ ಇಳಿಯಬೇಕು.

ಲೆಕ್ಕ ಶೀರ್ಷಿಕೆ ಅಂದರೆ ಹಣದ ವಿಳಾಸ. ಕರ್ನಾಟಕದಲ್ಲಿ ಅದು 15 ಅಂಕಿಯದು. ಮೊದಲ ನಾಲ್ಕು ಅಂಕಿ ಪ್ರಧಾನ ಶೀರ್ಷಿಕೆ: 2055 ಅಂದರೆ ಪೊಲೀಸ್ ಇಲಾಖೆಯ ದಿನನಿತ್ಯದ ರಾಜಸ್ವ ವೆಚ್ಚ, 4055 ಅಂದರೆ ಅದೇ ಇಲಾಖೆಯ ಬಂಡವಾಳ ವೆಚ್ಚ. ಜೈಲಿಗೆ 2056, ಅಗ್ನಿಶಾಮಕ ಮತ್ತು ಗೃಹರಕ್ಷಕರಿಗೆ 2070. 2055ರ ಒಳಗೆ ಮತ್ತೆ ಕಿರು ಶೀರ್ಷಿಕೆಗಳು ಇವೆ. 003 ತರಬೇತಿ, 104 ವಿಶೇಷ ಪೊಲೀಸ್, 109 ಜಿಲ್ಲಾ ಪೊಲೀಸ್, 115 ಆಧುನೀಕರಣ, 116 ವಿಧಿವಿಜ್ಞಾನ. ನಮ್ಮ ಊರಿನ ಠಾಣೆ ಬದುಕುವುದು 109ರಲ್ಲಿ. ಕೊನೆಯ ಮೂರು ಅಂಕಿ ಖರ್ಚಿನ ಸ್ವರೂಪ ಹೇಳುತ್ತವೆ: ಪ್ರಯಾಣ ವೆಚ್ಚಕ್ಕೆ 041, ಸಾಮಾನ್ಯ ವೆಚ್ಚಕ್ಕೆ 051, ಸಾಗಣೆ ವೆಚ್ಚಕ್ಕೆ 195. ಡೀಸೆಲ್, ಟೈರು, ಜೀಪಿನ ರಿಪೇರಿ ಈ 195ರಲ್ಲಿ. ಕಾಗದ, ಟೋನರ್, ಸಣ್ಣಪುಟ್ಟ ಸಾದಿಲ್ವಾರು ಖರ್ಚು 051ರಲ್ಲಿ. ಈ ಮೂರು ಅಂಕಿಗಳನ್ನು ನೆನಪಿಟ್ಟುಕೊಂಡರೆ ಸಾಕು, ಉಳಿದದ್ದನ್ನು ಪುಸ್ತಕ ನೋಡಿ ಹುಡುಕಬಹುದು.

ಈಗ ಒಂದು ಠಾಣೆಯ ಲೆಕ್ಕ ಹಾಕಿ ನೋಡೋಣ. ಇದು ತಿಳಿವಳಿಕೆಗೆ ಮಾಡಿದ ಲೆಕ್ಕ, ಯಾವುದೇ ಒಂದು ಠಾಣೆಯದಲ್ಲ. 50 ಜನ ಸಿಬ್ಬಂದಿ, ಭತ್ಯೆ ಎಲ್ಲ ಸೇರಿ ತಲೆಗೆ ಸರಾಸರಿ ತಿಂಗಳಿಗೆ 60,000 ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳಿಗೆ 30 ಲಕ್ಷ, ವರ್ಷಕ್ಕೆ 3 ಕೋಟಿ 60 ಲಕ್ಷ. ಎರಡು ವಾಹನ, ಒಂದೊಂದೂ ದಿನಕ್ಕೆ 100 ಕಿಲೋಮೀಟರ್, ಲೀಟರಿಗೆ 10 ಕಿಲೋಮೀಟರ್ ಓಡುತ್ತವೆ. ತಿಂಗಳಿಗೆ ವಾಹನವೊಂದಕ್ಕೆ 300 ಲೀಟರ್, ಲೀಟರಿಗೆ 90 ರೂಪಾಯಿಯಂತೆ 27,000. ಎರಡಕ್ಕೂ ಸೇರಿ ವರ್ಷಕ್ಕೆ ಆರೂವರೆ ಲಕ್ಷದ ಹತ್ತಿರ. ಕಾಗದ, ಟೋನರ್, ರಿಪೇರಿ, ಕರೆಂಟು, ಪ್ರಯಾಣ ಭತ್ಯೆ ಎಲ್ಲ ಸೇರಿಸಿದರೂ 12 ಲಕ್ಷ ದಾಟುವುದು ಕಷ್ಟ. ಅಂದರೆ ಸಂಬಳಕ್ಕೆ 100 ರೂಪಾಯಿ ಹೋದರೆ, ಆ ಸಂಬಳದವರು ಕೆಲಸ ಮಾಡಲು ಬೇಕಾದ ಸಾಮಗ್ರಿಗೆ 3 ರೂಪಾಯಿ ಚಿಲ್ಲರೆ.

ಸಂಬಳ ದೊಡ್ಡದಾಯಿತು ಎಂಬ ದೂರು ನಮ್ಮದಲ್ಲ. ಪೊಲೀಸರ ವೇತನ ಪರಿಷ್ಕರಣೆ ಕುರಿತ ಔರಾದ್ಕರ್ ವರದಿಯ ಶಿಫಾರಸುಗಳಿಗಾಗಿ ಪೊಲೀಸರ ಕುಟುಂಬಗಳು ವರ್ಷಗಟ್ಟಲೆ ಕಾದವು. 7ನೇ ರಾಜ್ಯ ವೇತನ ಆಯೋಗದ ಪರಿಷ್ಕರಣೆ 2024ರ ಆಗಸ್ಟ್ 1ರಿಂದ ಜಾರಿಗೆ ಬಂದು ಕನಿಷ್ಠ ಮೂಲವೇತನ 17,000ದಿಂದ 27,000 ಆಯಿತು. ಅದು ಬರಬೇಕಾದದ್ದೇ. ನಮ್ಮ ಮಾತು ಆ 3 ರೂಪಾಯಿಯ ಬಗ್ಗೆ. ಸಂಬಳ ಏರಿದಾಗ ಅದಕ್ಕೆ ಹಣ ಸಿಕ್ಕೇ ಸಿಗುತ್ತದೆ, ಯಾಕೆಂದರೆ ಸಂಬಳ ನಿಲ್ಲಿಸಲು ಬರುವುದಿಲ್ಲ. ಒತ್ತಡ ಬಂದಾಗ ಕತ್ತರಿ ಬೀಳುವುದು 041, 051, 195ರ ಮೇಲೆ. 100ರಲ್ಲಿ 3ನ್ನು 2 ಮಾಡಿದರೆ ಬೊಕ್ಕಸಕ್ಕೆ ಉಳಿಯುವುದು ಒಂದೇ ರೂಪಾಯಿ. ಠಾಣೆಗೆ ಮಾತ್ರ ಮೂರರಲ್ಲೊಂದು ಪಾಲು ಕೆಲಸ ನಿಲ್ಲುತ್ತದೆ.

ಹಾಗಾದರೆ ಖಾಲಿ ಹುದ್ದೆಗಳಿಂದ ಉಳಿದ ಸಂಬಳದ ಹಣವನ್ನು ಡೀಸೆಲ್‌ಗೆ ಹಾಕಬಾರದೇ ಅಂತ ಕೇಳಬಹುದು. ಒಳ್ಳೆಯ ಪ್ರಶ್ನೆ. ಒಂದು ಶೀರ್ಷಿಕೆಯ ಹಣವನ್ನು ಇನ್ನೊಂದಕ್ಕೆ ಹೊರಳಿಸುವುದಕ್ಕೆ ಪುನರ್ವಿನಿಯೋಗ ಅನ್ನುತ್ತಾರೆ. ಸಂಬಳದಿಂದ ಸಂಬಳೇತರ ವೆಚ್ಚಕ್ಕೆ ಹೊರಳಿಸಲು ಹಣಕಾಸು ಇಲಾಖೆಯ ಒಪ್ಪಿಗೆ ಬೇಕು. ರಾಜಸ್ವದಿಂದ ಬಂಡವಾಳಕ್ಕೆ, ಅಥವಾ ಒಂದು ಬೇಡಿಕೆಯಿಂದ ಇನ್ನೊಂದು ಬೇಡಿಕೆಗೆ ಹೊರಳಿಸುವಂತೆಯೇ ಇಲ್ಲ, ಅದಕ್ಕೆ ಶಾಸನಸಭೆಯ ಮುಂದೆ ಪೂರಕ ಅಂದಾಜು ತರಬೇಕು. ಹಾಗಾಗಿ ಖಾಲಿ ಹುದ್ದೆಯ ಹಣ ವರ್ಷದ ಕೊನೆಗೆ ಅಧ್ಯರ್ಪಣೆ ಆಗಿ ವಾಪಸ್ ಹೋಗುತ್ತದೆ. ಆ ಹುದ್ದೆಯವರು ಮಾಡಬೇಕಿದ್ದ ಗಸ್ತು ಉಳಿದವರ ಹೆಗಲಿಗೆ ಬರುತ್ತದೆ, ಅವರ ಜೀಪಿಗೆ ಡೀಸೆಲ್ ಮಿತಿ ಹಳೆಯದೇ ಇರುತ್ತದೆ.

ಇನ್ನು ಮುಖ್ಯವಾದ ವಿಷಯಕ್ಕೆ ಬರೋಣ. ಠಾಣೆಗೆ ತನ್ನದೇ ಆದ ಬಜೆಟ್ ಇಲ್ಲ. ಖಜಾನೆಯಿಂದ ಹಣ ಸೆಳೆದು ಬಟವಾಡೆ ಮಾಡುವ ಅಧಿಕಾರ ಜಿಲ್ಲೆಯಲ್ಲಿ ಸಾಮಾನ್ಯವಾಗಿ ಎಸ್ಪಿ ಕಚೇರಿಯದು. ಹಣ ಬೆಂಗಳೂರಿನ ನೃಪತುಂಗ ರಸ್ತೆಯ ಪೊಲೀಸ್ ಪ್ರಧಾನ ಕಚೇರಿಯಿಂದ ಖಜಾನೆ-2 ತಂತ್ರಾಂಶದ ಮೂಲಕ ಎಸ್ಪಿ ಕಚೇರಿಗೆ ಹಂಚಿಕೆಯಾಗುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಠಾಣೆಗೆ ಹೋಗುವುದು ವಸ್ತು ರೂಪದಲ್ಲಿ, ಇಲ್ಲವೇ ಬಿಲ್ ಪಾಸಾದ ಮೇಲೆ. ಡೀಸೆಲ್‌ಗೆ ಗೊತ್ತುಮಾಡಿದ ಬಂಕು, ತಿಂಗಳಿಗೆ ಇಷ್ಟು ಲೀಟರ್ ಎಂಬ ಮಿತಿ, ಇಂಡೆಂಟ್ ಪುಸ್ತಕ, ಲಾಗ್ ಬುಕ್. ತಿಂಗಳ ಕೊನೆಗೆ ಬಂಕಿನ ಬಿಲ್ ಮೋಟಾರು ವಾಹನ ವಿಭಾಗಕ್ಕೆ, ಅಲ್ಲಿಂದ ಲೆಕ್ಕಪತ್ರ ವಿಭಾಗಕ್ಕೆ, ಅಲ್ಲಿಂದ ಖಜಾನೆಗೆ. ತ್ರೈಮಾಸಿಕ ಅನುದಾನ ಬಿಡುಗಡೆ ತಡವಾದರೆ ಬಿಲ್ ಬಾಕಿ ಬೀಳುತ್ತದೆ. ಎರಡು ಮೂರು ತಿಂಗಳು ಬಾಕಿಯಾದರೆ ಯಾವ ಬಂಕಿನವರೂ ಹಿಂದೆಮುಂದೆ ನೋಡುತ್ತಾರೆ.

ಆ ಮಿತಿಯನ್ನೂ ಒಮ್ಮೆ ಹತ್ತಿರದಿಂದ ನೋಡಿ. ಚನ್ನರಾಯಪಟ್ಟಣದ ಬಯಲಿನಲ್ಲಿ ಲೀಟರಿಗೆ 10 ಕೊಡುವ ಗಾಡಿ ಶಿರಾಡಿ ಘಾಟಿಯ ಏರಿನಲ್ಲಿ, ಬಿಸಿಲೆ ಕಡೆಯ ತಿರುವಿನಲ್ಲಿ, ಎರಡನೇ ಗೇರಿನಲ್ಲಿ ಹೋಗುವಾಗ 7 ಕೊಟ್ಟರೆ ಪುಣ್ಯ. 300 ಲೀಟರಿಗೆ ಬಯಲಿನ ಠಾಣೆ 3,000 ಕಿಲೋಮೀಟರ್ ಓಡಿದರೆ ಮಲೆನಾಡಿನ ಠಾಣೆ ಓಡುವುದು 2,100. ಇಬ್ಬರಿಗೂ ಒಂದೇ ಮಿತಿ ಹಾಕಿದರೆ ಮಲೆನಾಡಿನ ಠಾಣೆಗೆ ತಿಂಗಳಲ್ಲಿ ಒಂಬತ್ತು ದಿನದ ಗಸ್ತು ಕಡಿಮೆಯಾದ ಹಾಗೆ. ಮಳೆಗಾಲದಲ್ಲಿ ಘಾಟಿಯಲ್ಲಿ ಮಣ್ಣು ಕುಸಿದರೆ ಅದೇ ಗಾಡಿ ಹಗಲು ರಾತ್ರಿ ಅಲ್ಲೇ ನಿಂತಿರಬೇಕು. ಮಿತಿ ನಿಗದಿ ಮಾಡುವಾಗ ಠಾಣಾ ವ್ಯಾಪ್ತಿಯ ರಸ್ತೆ ಉದ್ದ ಮತ್ತು ಏರಿಳಿತ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇದು ಸರ್ಕಾರದ ಆದೇಶಕ್ಕೆ ಕಾಯಬೇಕಾದ ವಿಷಯವೇನಲ್ಲ, ಜಿಲ್ಲಾ ಮಟ್ಟದಲ್ಲೇ ಲಾಗ್ ಬುಕ್ ತೆರೆದಿಟ್ಟುಕೊಂಡು ಮಾಡಬಹುದು.

ಈಗ ಕಾಗದ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಜನ ಪೊಲೀಸ್ ಬಜೆಟ್ಟನ್ನು ಮುಟ್ಟಿ ನೋಡುವುದು ಇಲ್ಲೇ. ಐದು ಜನ ಆರೋಪಿಗಳಿರುವ ಒಂದು ಪ್ರಕರಣ. ಹೇಳಿಕೆಗಳು, ಮಹಜರು, ಪ್ರಯೋಗಾಲಯದ ವರದಿ, ಕರೆ ವಿವರ ಎಲ್ಲ ಸೇರಿ ದೋಷಾರೋಪಣಾ ಪಟ್ಟಿ 200 ಪುಟ. ನ್ಯಾಯಾಲಯಕ್ಕೆ ಒಂದು, ಸರ್ಕಾರಿ ಅಭಿಯೋಜಕರಿಗೆ ಒಂದು, ಠಾಣೆಯ ಕಡತಕ್ಕೆ ಒಂದು, ಆರೋಪಿಗಳಿಗೆ ಐದು. ಎಂಟು ಪ್ರತಿ, 1,600 ಹಾಳೆ. 500 ಹಾಳೆಯ ಬಂಡಲ್ ಮೂರು ಮುಗಿದು ನಾಲ್ಕನೆಯದನ್ನು ಒಡೆಯಬೇಕು, ಒಂದು ಟೋನರ್ ಹೆಚ್ಚುಕಡಿಮೆ ಖಾಲಿ. ಇದು ಒಂದೇ ಒಂದು ಪ್ರಕರಣದ ಲೆಕ್ಕ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಮಿನಲ್ಲಿ ಪ್ರತಿಗಳನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಕೊಡಲು ಅವಕಾಶವಿದೆ. ಅದನ್ನು ಪೂರ್ತಿ ಬಳಸಿಕೊಂಡರೆ ಈ ಖರ್ಚಿನ ದೊಡ್ಡ ಪಾಲು ಉಳಿಯುತ್ತದೆ. ಅಲ್ಲಿಯವರೆಗೆ, ಎಸ್ಪಿ ಕಚೇರಿಯಿಂದ ಮೂರು ತಿಂಗಳಿಗೊಮ್ಮೆ ಬರುವ ಕಾಗದ ಎರಡನೇ ತಿಂಗಳಿಗೇ ಮುಗಿದಿರುತ್ತದೆ. ಆಗ ಠಾಣೆಯ ಬರವಣಿಗೆ ನೋಡಿಕೊಳ್ಳುವ ರೈಟರ್ ದೂರುದಾರರಿಗೆ ಹೇಳುತ್ತಾರೆ: ‘ಒಂದು ಎರಡು ಬಂಡಲ್ ಎ4 ಶೀಟ್ ತಂದ್ಕೊಡಿ ಸಾರ್.’

ಇದನ್ನು ಲಂಚ ಅನ್ನಬೇಕೋ ಬಡತನ ಅನ್ನಬೇಕೋ ಎಂಬ ಚರ್ಚೆಗಿಂತ ಅದರ ಪರಿಣಾಮ ಮುಖ್ಯ. ಕಾಫಿ ಕಳವಿನ ತಂಡ ಹೊರರಾಜ್ಯಕ್ಕೆ ಹೊರಡುವಾಗ ಪ್ರಯಾಣ ಮುಂಗಡ ಸಿಗಲಿಲ್ಲ ಅಂತ ಬೆಳೆಗಾರರ ಕಾರಿನಲ್ಲೇ ಹೋದರು ಎಂದುಕೊಳ್ಳಿ. ವಿಚಾರಣೆ ವೇಳೆ ಆರೋಪಿ ಪರ ವಕೀಲರು ಪಾಟೀಸವಾಲಿನಲ್ಲಿ ಎತ್ತುವ ಮೊದಲ ಪ್ರಶ್ನೆ: ‘ಕಾರು ಯಾರದು? ಡೀಸೆಲ್ ಹಾಕಿಸಿದ್ದು ಯಾರು? ಲಾಡ್ಜಿನ ಬಿಲ್ ಯಾರ ಹೆಸರಲ್ಲಿದೆ?’ ತನಿಖೆ ನಿಷ್ಪಕ್ಷಪಾತವಾಗಿ ನಡೆದಿದೆ ಅನ್ನುವುದು ಅಲ್ಲಿಗೆ ಅಲುಗಾಡುತ್ತದೆ. ಇನ್ನೊಂದು ಕಡೆ, ಕಾರೂ ಇಲ್ಲದ, ಬಂಡಲ್ ಕಾಗದ ಕೊಳ್ಳಲೂ ಆಗದ ಕೂಲಿಯಾಳಿನ ದೂರು ಕಡತದ ಅಡಿಗೆ ಸರಿಯುತ್ತದೆ. 041ರಲ್ಲಿ ಕೆಲವು ಸಾವಿರ ಉಳಿಸಿದ್ದಕ್ಕೆ ಕೊಡುವ ಬೆಲೆ ಇದು.

ವೋಚರ್ ಸಿಗದ ಖರ್ಚುಗಳು ಇನ್ನೂ ಕಷ್ಟ. ಹೇಮಾವತಿ ನಾಲೆಯಲ್ಲಿ ಅಪರಿಚಿತ ಶವ ತೇಲಿ ಬಂದಿದೆ. ಮೇಲೆತ್ತಲು ಈಜು ಬಲ್ಲವರು ಬೇಕು, ಹಿಮ್ಸ್, ಅಂದರೆ ಹಾಸನದ ಸರ್ಕಾರಿ ವೈದ್ಯಕೀಯ ಸಂಸ್ಥೆಯ ಶವಾಗಾರಕ್ಕೆ ಸಾಗಿಸಲು ಗಾಡಿ ಬೇಕು, ವಾರಸುದಾರರು ಬರದಿದ್ದರೆ ಕೆಲವು ದಿನದ ನಂತರ ಗುಂಡಿ ತೋಡಿ ಮಣ್ಣು ಮಾಡಬೇಕು, ಒಂದು ಹೊಸ ಬಟ್ಟೆ ಹೊದಿಸಬೇಕು. ಈಜಿದವನು ಜಿಎಸ್‌ಟಿ ಬಿಲ್ ಕೊಡುವುದಿಲ್ಲ, ಗುಂಡಿ ತೋಡಿದವನು ರಸೀದಿ ಬರೆಯುವುದಿಲ್ಲ. ಇಂಥದ್ದಕ್ಕೆ ಇರುವ ದಾರಿ ಕಾಯಂ ಮುಂಗಡ. ಠಾಣಾಧಿಕಾರಿಯ ಕೈಯಲ್ಲಿ ಒಂದು ನಿಗದಿತ ಸಣ್ಣ ಮೊತ್ತ ಇರುತ್ತದೆ. ಖರ್ಚಾದಷ್ಟಕ್ಕೆ ಸಹಿ ಮಾಡಿದ ಪಾವತಿ ಚೀಟಿ ಕೊಟ್ಟರೆ ಅಷ್ಟು ಮತ್ತೆ ತುಂಬುತ್ತದೆ. ಪದ್ಧತಿ ಹಳೆಯದು, ನಿಯಮಗಳಲ್ಲೇ ಇದೆ. ಇಲ್ಲಿ ಎಡವುವುದು ಎರಡು ಕಡೆ: ಮೊತ್ತ ಹಳೆಯ ಕಾಲದ್ದು, ಮರುಭರ್ತಿ ನಿಧಾನ. ತಿಂಗಳಿಗೆ ಎರಡು ಸಲ ಮರುಭರ್ತಿ ಆಗದ ಕಾಯಂ ಮುಂಗಡ ಠಾಣಾಧಿಕಾರಿಯ ಸ್ವಂತ ಜೇಬಿಗೆ ಬದಲಿಯಾಗಲಾರದು.

ಮುಂಗಡ ಹಣಕ್ಕೆ ಇನ್ನೊಂದು ದಾರಿ ಎಸಿ ಬಿಲ್. ತುರ್ತು ಇದ್ದಾಗ ಪೂರ್ತಿ ವೋಚರ್ ಇಲ್ಲದೆ ಸಂಕ್ಷಿಪ್ತ ಬಿಲ್ ಮೇಲೆ ಹಣ ಸೆಳೆಯಬಹುದು. 1958ರ ಸಾದಿಲ್ವಾರು ವೆಚ್ಚ ಕೈಪಿಡಿಯ ಪ್ರಕಾರ ಅದರ ವಿವರವಾದ ಬಿಲ್ ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಮಹಾಲೇಖಪಾಲರಿಗೆ ಹೋಗಬೇಕು. ಇದೇ ಎನ್‌ಡಿಸಿ ಬಿಲ್. ಹಣ ಸೆಳೆದ ಗುಮಾಸ್ತರು ವರ್ಗವಾಗಿ, ವೋಚರ್‌ಗಳು ಮೂರು ಠಾಣೆಗಳಲ್ಲಿ ಚದುರಿ, ಎನ್‌ಡಿಸಿ ಬಾಕಿ ಉಳಿದುಬಿಟ್ಟರೆ ಲೆಕ್ಕಪರಿಶೋಧನೆಯ ಆಕ್ಷೇಪಣೆ ಬರುತ್ತದೆ. ಆಮೇಲಿನ ಅಧಿಕಾರಿ ಎಸಿ ಬಿಲ್‌ಗೆ ಸಹಿ ಹಾಕಲು ಹೆದರುತ್ತಾರೆ. ಪರಿಹಾರ ಸರಳ: ಹಣ ಕೊಟ್ಟ ದಿನವೇ ವೋಚರ್ ತರಬೇಕಾದ ದಿನಾಂಕ ಬರೆದು ಒಬ್ಬರ ಹೆಸರಿಗೆ ಕಟ್ಟಿಡುವುದು, ವರ್ಗಾವಣೆಯ ಬಿಡುಗಡೆ ಪತ್ರಕ್ಕೆ ಬಾಕಿ ಎನ್‌ಡಿಸಿ ಪಟ್ಟಿ ಲಗತ್ತಿಸುವುದು.

ನಮ್ಮ ಜಿಲ್ಲೆಯ ದೊಡ್ಡ ಬಂದೋಬಸ್ತಿಗೆ ಬರೋಣ. ವರ್ಷಕ್ಕೊಮ್ಮೆ ಮಾತ್ರ ದರ್ಶನ ಕೊಡುವ ಹಾಸನಾಂಬೆಯ ಗುಡಿ ಬಾಗಿಲು ತೆರೆಯುವುದು ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ, ಮುಚ್ಚುವುದು ಬಲಿಪಾಡ್ಯಮಿ ಕಳೆದ ಮೇಲೆ. ಚಿಕ್ಕಮಗಳೂರಿನವರಿಗೆ ಮಾರ್ಗಶಿರ ಹುಣ್ಣಿಮೆಯ ದತ್ತ ಜಯಂತಿ, ಬಾಬಾಬುಡನ್‌ಗಿರಿಯ ಬಂದೋಬಸ್ತು. ಎರಡೂ ಪಂಚಾಂಗದಲ್ಲಿ ಬರೆದಿಟ್ಟ ಖರ್ಚುಗಳು, ತಾರೀಖು ವರ್ಷಗಳ ಮುಂಚೆಯೇ ಗೊತ್ತು. ಆದರೂ ಠಾಣೆಗಳಿಗೆ ಇದು ಪ್ರತಿ ಸಲವೂ ಅನಿರೀಕ್ಷಿತ ಖರ್ಚಿನ ಹಾಗೆಯೇ ಬಂದು ಎರಗುತ್ತದೆ, ಯಾಕೆಂದರೆ ಬಂದೋಬಸ್ತಿಗೆ ಬೇರೆ ಸಾಲು ಇರುವುದಿಲ್ಲ, 041 ಮತ್ತು 051ರೊಳಗೇ ಹೊಂದಿಸಿಕೊಳ್ಳಬೇಕು. ಹೊರಜಿಲ್ಲೆಯಿಂದ ಬಂದವರೂ ಸೇರಿ 1,000 ಸಿಬ್ಬಂದಿ, 12 ದಿನ, ದಿನಕ್ಕೆ ತಲೆಗೆ 200 ರೂಪಾಯಿ ಊಟ ಎಂದರೆ 24 ಲಕ್ಷ. ಮಲಗುವ ಜಾಗ, ಕುಡಿಯುವ ನೀರು, ಮಹಿಳಾ ಸಿಬ್ಬಂದಿಗೆ ಶೌಚಾಲಯದ ವ್ಯವಸ್ಥೆ ಬೇರೆ. ಇದು ಬೀಳುವುದು ಮೂರನೇ ತ್ರೈಮಾಸಿಕದ ಹೊಸ್ತಿಲಲ್ಲಿ, ಪೂರಕ ಅಂದಾಜಿನ ಹಣ ಇನ್ನೂ ಕೈಗೆ ಬಂದಿರದ ಹೊತ್ತಿನಲ್ಲಿ. ಅಡುಗೆಯವರು ಸಾಲದ ಮೇಲೆ ಬೇಯಿಸುತ್ತಾರೆ. ಹಿಂದಿನ ವರ್ಷದ ಬಾಕಿ ತೀರದಿದ್ದರೆ ಈ ವರ್ಷ ದರ ಏರಿಸುತ್ತಾರೆ, ಇಲ್ಲವೇ ಸಾರು ತೆಳ್ಳಗಾಗುತ್ತದೆ. ಹದಿನಾಲ್ಕು ಗಂಟೆ ಸರತಿ ಸಾಲು ಕಾದ ಪೇದೆಗೆ ತಟ್ಟೆಯಲ್ಲಿ ಸಿಗುವುದು ಆ ತೆಳ್ಳನೆಯ ಸಾರು. ಊಟದ ಖರ್ಚನ್ನು ಜಿಲ್ಲಾಡಳಿತ, ದೇವಸ್ಥಾನ, ಪೊಲೀಸ್ ಇಲಾಖೆ ಯಾರು ಎಷ್ಟು ಭರಿಸಬೇಕು ಎಂಬುದನ್ನು ಪೂರ್ವಭಾವಿ ಸಭೆಯ ನಡವಳಿಯಲ್ಲಿ ಮೊತ್ತದ ಸಮೇತ ಬರೆಸಬೇಕು. ಬಾಯಿಮಾತಿನ ಒಪ್ಪಂದದ ಮೇಲೆ ಖಜಾನೆ ಬಿಲ್ ಪಾಸು ಮಾಡುವುದಿಲ್ಲ.

ದಂಡದ ಹಣ ಇದೆಯಲ್ಲ ಅಂತ ಹಲವರು ಕೇಳುತ್ತಾರೆ. ಸಂಚಾರ ದಂಡವೋ, ಬೇರೆ ಶುಲ್ಕವೋ, ಏನೇ ಬಂದರೂ ಸಂವಿಧಾನದ 266ನೇ ವಿಧಿಯ ಪ್ರಕಾರ ರಾಜ್ಯದ ಸಂಚಿತ ನಿಧಿಗೆ ಹೋಗಬೇಕು. ವಸೂಲಿ ಮಾಡಿದ ಠಾಣೆ ಅದರಲ್ಲಿ ಒಂದು ರೂಪಾಯಿಯನ್ನೂ ತೆಗೆದು ಖರ್ಚು ಮಾಡುವಂತಿಲ್ಲ. ಹಾಗೆ ಇರುವುದೇ ಸರಿ. ವಸೂಲಿ ಮಾಡಿದವರೇ ಉಣ್ಣುವ ಪದ್ಧತಿ ಬಂದರೆ ರಸ್ತೆಯಲ್ಲಿ ಯಾರಿಗೂ ನೆಮ್ಮದಿ ಇರುವುದಿಲ್ಲ.

ಕೇಂದ್ರದ ಹಣದ ಬಗ್ಗೆ ಚುಟುಕಾಗಿ ಹೇಳುತ್ತೇವೆ. ಪೊಲೀಸ್ ಆಧುನೀಕರಣ ಯೋಜನೆ 1969-70ರಿಂದ ಇದೆ. ಕರ್ನಾಟಕಕ್ಕೆ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಹೋಗದಿದ್ದರೆ ಮುಂದಿನ ಕಂತು ಬರುವುದಿಲ್ಲ. ಈ ಹಣದಿಂದ ಉಪಕರಣ ಬರುತ್ತದೆ, ಉಪಕರಣದ ಸಾಕಣೆ ರಾಜ್ಯದ್ದೇ. ತೊಡಕು ಶುರುವಾಗುವುದು ಇಲ್ಲಿಂದ.

ಸಿಸಿಟಿವಿಯನ್ನೇ ತೆಗೆದುಕೊಳ್ಳಿ. 2020ರ ಡಿಸೆಂಬರ್ 2ರಂದು ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎಲ್ಲ ಠಾಣೆಗಳಲ್ಲೂ ಧ್ವನಿಸಹಿತ, ರಾತ್ರಿಯಲ್ಲೂ ಕಾಣುವ ಕ್ಯಾಮೆರಾ ಇರಬೇಕು, ದಾಖಲೆ 18 ತಿಂಗಳು ಉಳಿಯಬೇಕು, ಅಂಥ ಉಪಕರಣ ಸಿಗದಿದ್ದರೆ ಒಂದು ವರ್ಷಕ್ಕಂತೂ ಕಡಿಮೆಯಾಗಬಾರದು ಎಂದು ಆದೇಶಿಸಿತು. ಲೆಕ್ಕ ಮಾಡಿ: ಒಂದು ಕ್ಯಾಮೆರಾ ಸೆಕೆಂಡಿಗೆ 1 ಮೆಗಾಬಿಟ್‌ನಂತೆ ಬರೆದರೂ ದಿನಕ್ಕೆ 10.8 ಜಿಬಿ. 18 ತಿಂಗಳಿಗೆ ಹತ್ತಿರ ಹತ್ತಿರ 6 ಟಿಬಿ. 12 ಕ್ಯಾಮೆರಾಕ್ಕೆ 71 ಟಿಬಿ. ಟೆಂಡರಿನಲ್ಲಿ ‘12 ಕ್ಯಾಮೆರಾ, ಒಂದು ರೆಕಾರ್ಡರ್’ ಅಂತಷ್ಟೇ ಬರೆದು 8 ಟಿಬಿ ಡಿಸ್ಕ್ ಬಂದರೆ ಎರಡು ತಿಂಗಳಿಗೇ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಲಾಕಪ್ಪಿನಲ್ಲಿ ಹೊಡೆದರು ಅಂತ ಆರು ತಿಂಗಳ ಮೇಲೆ ದೂರು ಬಂದಾಗ ದೃಶ್ಯ ಇರುವುದಿಲ್ಲ. ಹೊಡೆದಿಲ್ಲ ಅಂತ ಸಾಬೀತು ಮಾಡಲು ಸಿಬ್ಬಂದಿಗೂ ಅದು ಸಿಗುವುದಿಲ್ಲ. ಮಲೆನಾಡಿನ ಏಪ್ರಿಲ್-ಮೇ ಸಿಡಿಲಿಗೆ ರೆಕಾರ್ಡರ್ ಸುಡುವುದು, ಮೂರ್ನಾಲ್ಕು ವರ್ಷಕ್ಕೆ ಯುಪಿಎಸ್ ಬ್ಯಾಟರಿ ಸಾಯುವುದು ಮಾಮೂಲು. ಖರೀದಿ ಬಂಡವಾಳ ವೆಚ್ಚದಲ್ಲಿ ಬಂದು, ವಾರ್ಷಿಕ ನಿರ್ವಹಣೆಗೆ 051ರಲ್ಲಿ ಏನೂ ಇಡದಿದ್ದರೆ ಕ್ಯಾಮೆರಾ ಗೋಡೆಯ ಮೇಲೆ ಸುಮ್ಮನೆ ನೇತಾಡುತ್ತದೆ. ದಾನಿಗಳು ಕೊಟ್ಟ ಕ್ಯಾಮೆರಾ, ಬ್ಯಾರಿಕೇಡುಗಳ ಪಾಡೂ ಇದೇ. ಕೊಡುವವರು ಒಮ್ಮೆ ಕೊಡುತ್ತಾರೆ, ಸಾಕುವವರು ಯಾರೂ ಇರುವುದಿಲ್ಲ. ಠಾಣೆ ದಾನದಲ್ಲಿ ನಡೆಯಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ದಾನ ಕೊಟ್ಟವರೂ ನಾಳೆ ಒಂದು ಪ್ರಕರಣದಲ್ಲಿ ಕಕ್ಷಿದಾರರಾಗಬಹುದು.

2024ರ ಜುಲೈ 1ರಿಂದ ಬಂದ ಹೊಸ ಕಾನೂನು ಈ ಹೊರೆಯನ್ನು ಹೆಚ್ಚಿಸಿದೆ. ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನಂತೆ ಶೋಧ, ಜಪ್ತಿ ಎಲ್ಲವನ್ನೂ ವಿಡಿಯೊ ಮಾಡಬೇಕು. 176(3)ರಂತೆ ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು. ವಿಡಿಯೊ ತೆಗೆಯುವ ಫೋನು ಯಾರದು? ಪೇದೆಯ ಸ್ವಂತ ಫೋನಾದರೆ ಅದರಲ್ಲಿ ಅವರ ಮಕ್ಕಳ ಫೋಟೊಗಳ ನಡುವೆ ಕೊಲೆ ಪ್ರಕರಣದ ಸಾಕ್ಷ್ಯ ಇರುತ್ತದೆ, ಫೋನು ಕೆಟ್ಟರೆ ಸಾಕ್ಷ್ಯವೂ ಹೋಯಿತು. ಫೋನು, ಡೇಟಾ, ಮೆಮೊರಿ ಕಾರ್ಡು, ಸಂಗ್ರಹ ಇವಿಷ್ಟಕ್ಕೆ ಪ್ರತಿ ತನಿಖಾಧಿಕಾರಿಯ ಲೆಕ್ಕದಲ್ಲಿ ಅಂದಾಜು ಹಾಕಿ ಕೇಳಬೇಕು. ತರಬೇತಿಯೂ ಅಷ್ಟೇ. ದೇಶದಾದ್ಯಂತ ಪೊಲೀಸ್ ವೆಚ್ಚದಲ್ಲಿ ತರಬೇತಿಗೆ ಹೋಗುವುದು ಶೇಕಡಾ 2ಕ್ಕೂ ಕಡಿಮೆ.

ಕೇಳುವುದು ಯಾವಾಗ? ಅಂದಾಜು ಪಟ್ಟಿ ಜಿಲ್ಲೆಯಿಂದ ಹೊರಡುವುದು ಮಾರ್ಚಿನಲ್ಲಲ್ಲ, ಅದಕ್ಕೂ ತಿಂಗಳುಗಳ ಮುಂಚೆ. ಮಳೆಗಾಲ ಮುಗಿಯುವ ಹೊತ್ತಿಗೆ ಲೆಕ್ಕಪತ್ರ ವಿಭಾಗ ಹಿಂದಿನ ವರ್ಷದ ವಾಸ್ತವ ವೆಚ್ಚ, ಈ ವರ್ಷದ ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು ಎಂದು ಕಾಲಂ ತುಂಬಲು ಕೂರುತ್ತದೆ. ಅಲ್ಲಿಂದ ಪ್ರಧಾನ ಕಚೇರಿ, ಒಳಾಡಳಿತ ಇಲಾಖೆ, ಹಣಕಾಸು ಇಲಾಖೆ. ಸಾಮಾನ್ಯವಾಗಿ ಆಗುವ ತಪ್ಪು ಒಂದೇ: ಹಿಂದಿನ ವರ್ಷದ ಅಂಕಿಗೆ ಐದೋ ಹತ್ತೋ ಪರ್ಸೆಂಟ್ ಸೇರಿಸಿ ಕಳಿಸಿಬಿಡುವುದು. ಹಿಂದಿನ ವರ್ಷ ಪಾವತಿಯಾಗದೆ ಬಾಕಿ ಉಳಿದ ಬಿಲ್ ‘ವಾಸ್ತವ ವೆಚ್ಚ’ದ ಕಾಲಮಿನಲ್ಲಿ ಕಾಣುವುದೇ ಇಲ್ಲ. ಬಂಕಿಗೆ 5 ಲಕ್ಷ ಬಾಕಿ ಇದ್ದರೆ, ಜಿಲ್ಲೆ 5 ಲಕ್ಷ ಕಡಿಮೆ ಡೀಸೆಲ್ ಸುಟ್ಟಿದೆ ಅಂತ ಬೆಂಗಳೂರು ಓದುತ್ತದೆ, ಮುಂದಿನ ವರ್ಷವೂ ಅಷ್ಟೇ ಕೊಡುತ್ತದೆ. ಹೊಸ ವರ್ಷದ ಹಣ ಏಪ್ರಿಲಿನಲ್ಲಿ ಬಂದೊಡನೆ ಹಳೆಯ ಬಾಕಿಗೆ ಹೋಗಿ, ವರ್ಷ ಶುರುವಾಗುವುದೇ ಕೊರತೆಯಿಂದ. ಬಾಕಿ ಬಿಲ್‌ಗಳ ಪ್ರತ್ಯೇಕ ಪಟ್ಟಿಯನ್ನು ಅಂದಾಜಿನ ಜೊತೆ ಲಗತ್ತಿಸುವುದೊಂದೇ ಈ ಸುಳಿಯಿಂದ ಹೊರಬರುವ ದಾರಿ. ಇದರ ಇನ್ನೊಂದು ತುದಿ ಮಾರ್ಚ್. 31ಕ್ಕೆ ಖರ್ಚಾಗದ ಹಣ ಲ್ಯಾಪ್ಸ್ ಆಗುತ್ತದೆ, ಬಿಲ್ ಸ್ವೀಕರಿಸಲು ಖಜಾನೆ ಅದಕ್ಕೂ ಮುಂಚೆಯೇ ಕೊನೆಯ ದಿನ ಗೊತ್ತುಮಾಡುತ್ತದೆ. ಕೊನೆಯ ಕಂತು ಮಾರ್ಚಿನಲ್ಲೇ ಬಿಡುಗಡೆಯಾದರೆ ಬೇಕಾದದ್ದನ್ನು ಬಿಟ್ಟು ಬೇಗ ಸಿಗುವುದನ್ನು ಕೊಳ್ಳುತ್ತಾರೆ. ಕುರ್ಚಿ ಬರುತ್ತದೆ, ಟೈರು ಬರುವುದಿಲ್ಲ.

ನಾಗರಿಕರಾಗಿ ಮಾಡಬಹುದಾದ್ದು ಇದೆ. ಮಾಹಿತಿ ಹಕ್ಕು ಕಾಯಿದೆಯ 4(1)(ಬಿ) ಕಲಮಿನ ಪ್ರಕಾರ ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ತನ್ನ ಘಟಕಗಳಿಗೆ ಹಂಚಿದ ಬಜೆಟ್ ಮತ್ತು ವೆಚ್ಚವನ್ನು ತಾನಾಗಿ ಪ್ರಕಟಿಸಬೇಕು. ಪ್ರಕಟವಾಗದಿದ್ದರೆ ಅರ್ಜಿ ಹಾಕಿ. ‘ಪೊಲೀಸ್ ಖರ್ಚಿನ ವಿವರ ಕೊಡಿ’ ಅಂತ ಬರೆದರೆ ಉಪಯೋಗಕ್ಕೆ ಬರುವ ಉತ್ತರ ಸಿಗುವುದಿಲ್ಲ. 2055-00-109ರ ಅಡಿ ಜಿಲ್ಲಾ ಎಸ್ಪಿ ಕಚೇರಿಗೆ ಕಳೆದ ಮೂರು ವರ್ಷ 041, 051, 195ರಲ್ಲಿ ಹಂಚಿಕೆಯಾದ ಮೊತ್ತ, ಪ್ರತಿ ಬಿಡುಗಡೆಯ ದಿನಾಂಕ, ತಿಂಗಳುವಾರು ವೆಚ್ಚ, ಮಾರ್ಚ್ 31ಕ್ಕೆ ಬಾಕಿ ಇದ್ದ ಬಿಲ್‌ಗಳ ಮೊತ್ತ, ಅಧ್ಯರ್ಪಣೆ ಮಾಡಿದ ಮೊತ್ತ, ಇಷ್ಟನ್ನು ಕೇಳಿ. ಇದರಲ್ಲಿ ತನಿಖೆಗೆ ತೊಂದರೆಯಾಗುವ ಯಾವ ಗುಟ್ಟೂ ಇಲ್ಲ. ಅರ್ಜಿಯನ್ನು ಮೇ ಅಥವಾ ಜೂನಿನಲ್ಲಿ ಹಾಕಿ, ಹಿಂದಿನ ವರ್ಷದ ಲೆಕ್ಕ ಆ ಹೊತ್ತಿಗೆ ಕೂಡಿರುತ್ತದೆ. ಉತ್ತರ ಬಂದ ಮೇಲೆ ಬಾಕಿ ಬಿಲ್‌ಗಳ ಸಾಲಿಗೆ ಗೆರೆ ಎಳೆದು ಅದರ ಪ್ರತಿಯನ್ನು ನಿಮ್ಮ ಶಾಸಕರಿಗೆ ತಲುಪಿಸಿ. ಹಾಸನಾಂಬೆಯ ಬಾಗಿಲು ತೆರೆಯುವುದಕ್ಕೆ ಮುಂಚೆ ತಲುಪಿಸಿ. ಅಂದಾಜು ಪಟ್ಟಿ ಬೆಂಗಳೂರಿಗೆ ಹೋದ ಮೇಲೆ ಅದರಲ್ಲಿ ಒಂದು ಸಾಲು ಸೇರಿಸುವುದು ಬಹಳ ಕಷ್ಟ.